ಹಮಾಲನ ಚೀಲ, ಪೈಲವಾನನ ಚೀಲ

ಒಂದು ಕ್ವಿಂಟಲ್ ಜೋಳದ ಚೀಲವನ್ನು ಗೋದಾಮಿನಲ್ಲಿ ಹೊತ್ತರೆ ಕೂಲಿ ಸಿಗುತ್ತದೆ, ಜಾತ್ರೆಯ ಕಣದಲ್ಲಿ ಹೊತ್ತರೆ ಹೆಸರು ಸಿಗುತ್ತದೆ. ತೂಕ ಒಂದೇ, ಹೊರುವ ಬೆನ್ನೂ ಎಷ್ಟೋ ಸಲ ಒಂದೇ. ಲೋಕಾಪುರ, ಮುಧೋಳ, ಜಮಖಂಡಿ, ಬೀಳಗಿ ಸೀಮೆಯಲ್ಲಿ ಭಾರ ಎತ್ತುವ ಸ್ಪರ್ಧೆಗೆ ಇಳಿಯುವವರು ಹೆಚ್ಚಾಗಿ ಮೈಮುರಿದು ದುಡಿಯುವ ಜನರೇ. ವರ್ಷವಿಡೀ ಭಾರ ಹೊತ್ತವನು ಜಾತ್ರೆಯ ದಿನ ಮತ್ತೆ ಭಾರವನ್ನೇ ಹುಡುಕಿಕೊಂಡು ಹೋಗುತ್ತಾನೆ. ಯಾರೂ ಕರೆದಿಲ್ಲ, ಯಾರೂ ದೂಡಿಲ್ಲ. ಹೆಗಲಿಗೆ ಚೀಲ ಏರಿದಾಗ ಅವನ ಮುಖದಲ್ಲಿ ಕಾಣುವ ಗೆಲುವು ಗೋದಾಮಿನಲ್ಲಿ ಎಂದೂ ಕಾಣುವುದಿಲ್ಲ.

ಈಗ ಇದೇ ಊರುಗಳಲ್ಲಿ ಜಿಮ್‌ಗಳು ತೆರೆದಿವೆ. ಹುಡುಗರು ಹುರುಪಿನಿಂದ ಸೇರುತ್ತಾರೆ, ಒಂದೆರಡು ತಿಂಗಳಲ್ಲಿ ಹೋಗುವುದನ್ನು ಬಿಡುತ್ತಾರೆ. ಕೇಳಿದರೆ ಬಹಳ ಮಂದಿ ಹೇಳುವುದು ಒಂದೇ: ಮನಸ್ಸು ಬರುವುದಿಲ್ಲ, ಬೇಸರ. ಕಸರತ್ತು ಒಳ್ಳೆಯದೆಂದು ಗೊತ್ತಿಲ್ಲದವರು ಯಾರೂ ಇಲ್ಲ. ಒಳ್ಳೆಯದೆಂದು ಗೊತ್ತಿರುವುದು ಬೆಳಗಿನ ಐದು ಗಂಟೆಗೆ ಯಾರನ್ನೂ ಹಾಸಿಗೆಯಿಂದ ಎಬ್ಬಿಸುವುದಿಲ್ಲ ಅಷ್ಟೆ. ಎಬ್ಬಿಸುವುದು ಬೇರೆ ಏನೋ ಒಂದು. ಅದು ಏನೆಂಬುದು ಆ ಎರಡು ಚೀಲಗಳ ನಡುವಿನ ವ್ಯತ್ಯಾಸದಲ್ಲಿ ಇದೆ ಎಂದು ನಾನು ನಂಬಿದ್ದೇನೆ.

ಗೋದಾಮಿನ ಚೀಲವನ್ನು ಆರಿಸಿದವನು ಹಮಾಲನಲ್ಲ. ಎಷ್ಟು ಚೀಲ, ಎಷ್ಟು ಹೊತ್ತಿಗೆ, ಯಾವ ಲಾರಿಗೆ ಎಂಬುದನ್ನು ನಿರ್ಧರಿಸುವವರು ಬೇರೆಯವರು. ನಿನ್ನೆಯ ತೂಕವೇ ಇಂದು, ಇಂದಿನದೇ ನಾಳೆ. ಕಬ್ಬಿನ ಹಂಗಾಮಿನಲ್ಲಿ ಗ್ಯಾಂಗಿನವರು ಹೊರೆ ಹೊತ್ತು ಟ್ರೇಲರಿಗೆ ಏರಿಸುವುದನ್ನು ನೋಡಿದವರಿಗೆ ಇದು ಗೊತ್ತು. ಆ ದುಡಿಮೆ ಮೈಯನ್ನು ಗಟ್ಟಿ ಮಾಡುವುದಕ್ಕಿಂತ ಹೆಚ್ಚಾಗಿ ಸವೆಸುತ್ತದೆ. ಸ್ನಾಯು ಬೆಳೆಯಬೇಕಾದರೆ ಭಾರ ಸ್ವಲ್ಪ ಸ್ವಲ್ಪವೇ ಏರಬೇಕು, ನಡುವೆ ಮೈಗೆ ವಿಶ್ರಾಂತಿ ಬೇಕು, ಹೊಟ್ಟೆಗೆ ಸರಿಯಾದ ಊಟ ಬೇಕು. ಹಂಗಾಮಿನ ಕೂಲಿಗೆ ಈ ಮೂರೂ ಸಿಗುವುದು ಕಷ್ಟ. ‘ಹೊಲದಾಗ ದುಡಿಯೋರಿಗೆ ಕಸರತ್ತು ಯಾಕ ಬೇಕು’ ಎನ್ನುವ ಹಳೆಯ ಮಾತಿಗೆ ಉತ್ತರ ಇಲ್ಲಿದೆ. ದುಡಿಮೆ ಮೈಯಿಂದ ತೆಗೆದುಕೊಳ್ಳುತ್ತದೆ, ಕಸರತ್ತು ಮೈಗೆ ಕೊಡುತ್ತದೆ. ಅದೂ ಅಲ್ಲದೆ ಟ್ರ್ಯಾಕ್ಟರ್, ಹನಿ ನೀರಾವರಿ, ಮೋಟಾರ್‌ಸೈಕಲ್ ಬಂದ ಮೇಲೆ ಹೊಲ ಇರುವವರ ಮಕ್ಕಳೆಲ್ಲ ಹೊಲದಲ್ಲಿ ಬಗ್ಗಿ ದುಡಿಯುವವರೇನೂ ಅಲ್ಲ.

ಜಾತ್ರೆಯ ಕಣಕ್ಕೆ ಬನ್ನಿ. ಸಂಗ್ರಾಣಿ ಕಲ್ಲಿಗೆ ಹಿಡಿ ಕಡೆದಿರುತ್ತದೆ. ಗುಂಡುಕಲ್ಲಿಗೆ ಅದೂ ಇಲ್ಲ. ನುಣುಪಾದ ಆ ದುಂಡನೆಯ ಕಲ್ಲನ್ನು ಬೆರಳುಗಳಿಂದ ಅಡಿಯಿಂದ ತಬ್ಬಿ ಹಿಡಿದು ಮೊದಲು ತೊಡೆಯ ಮೇಲೆ ತರಬೇಕು. ಕುಕ್ಕರಗಾಲಿನಲ್ಲಿ ಕುಳಿತು ಉಸಿರು ಹೊಂದಿಸಿಕೊಂಡು ಎದೆಗೆ ಒತ್ತಿಕೊಳ್ಳಬೇಕು. ಆಮೇಲೆ ಕಾಲಿನ ಬಲದಿಂದ ಎದ್ದು, ಎದೆಯ ಮೇಲೆ ಉರುಳಿಸಿ ಹೆಗಲಿಗೆ ಹಾಕಿಕೊಳ್ಳಬೇಕು. ತೋಳಿನ ಬಲ ಒಂದನ್ನೇ ನಂಬಿದವನಿಂದ ಕಲ್ಲು ಮೊಣಕಾಲು ದಾಟುವುದಿಲ್ಲ. ಹಲಗಿಯ ಬಡಿತ ಏರುತ್ತಿರುತ್ತದೆ, ಸುತ್ತ ನಿಂತವರು ಕೂಗಿ ಹುರಿದುಂಬಿಸುತ್ತಿರುತ್ತಾರೆ. ಹೋದ ವರ್ಷ ತೊಡೆಯವರೆಗೆ ತಂದವನು ಈ ವರ್ಷ ಎದೆಗೆ ತಂದರೆ ಅದನ್ನು ನೆನಪಿಟ್ಟುಕೊಂಡವರು ಆ ಗುಂಪಿನಲ್ಲೇ ಇರುತ್ತಾರೆ. ಸೋತವನನ್ನೂ ‘ಮುಂದಿನ ವರ್ಷ ಎತ್ತತಿ ಬಿಡು’ ಎಂದು ಬೆನ್ನು ತಟ್ಟಿ ಕಳಿಸುವ ರೂಢಿ ನಮ್ಮಲ್ಲಿದೆ. ಈ ಒಂದು ಮಾತು ಆ ಹುಡುಗನಿಂದ ವರ್ಷವಿಡೀ ದಂಡ ಹೊಡೆಸುತ್ತದೆ.

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ದಶಕಗಳ ಕಾಲ ಅಭ್ಯಾಸ ಮಾಡಿದ್ದು ಇದನ್ನೇ. ಮನುಷ್ಯ ಒಂದು ಕೆಲಸಕ್ಕೆ ಒಳಗಿನಿಂದಲೇ ಒಲಿಯಬೇಕಾದರೆ ಅದನ್ನು ತಾನೇ ಆರಿಸಿಕೊಂಡೆನೆಂಬ ಭಾವ ಬೇಕು, ದಿನೇ ದಿನೇ ಪಳಗುತ್ತಿದ್ದೇನೆಂಬ ಅರಿವು ಬೇಕು, ತನ್ನವರ ಜೊತೆಗಿದ್ದೇನೆಂಬ ಬೆಸುಗೆ ಬೇಕು ಎನ್ನುತ್ತಾರೆ ಅವರು. ಗುಂಡುಕಲ್ಲಿನ ಸುತ್ತ ಇವು ಮೂರೂ ಕೂಡಿಬಂದಿವೆ. ಜಿಮ್ಮಿನ ಮೂಲೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಯಾರದೋ ವಿಡಿಯೊದಲ್ಲಿ ಕಂಡ ಕಸರತ್ತನ್ನು ಕನ್ನಡಿಯ ಮುಂದೆ ಒಬ್ಬನೇ ಮಾಡುವ ಹುಡುಗನಿಗೆ ಅವುಗಳಲ್ಲಿ ಒಂದೂ ದಕ್ಕಿಲ್ಲ. ಅವನಿಗೆ ಬೇಸರ ಬಂದರೆ ತಪ್ಪು ಅವನದಲ್ಲ.

ಭಾರ ಎತ್ತುವ ಖುಷಿ ಈ ನೆಲಕ್ಕೆ ಹೊರಗಿನಿಂದ ಬಂದದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಅಭ್ಯಾಸಗಳ ವಿವರವಿದೆ. ಭಾರ ಎತ್ತುವ ಭಾರಶ್ರಮ, ಕಂಬದ ಮೇಲಿನ ಸ್ತಂಭಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ ಹೀಗೆ. ರಾಜ ಇದನ್ನೆಲ್ಲ ಇಟ್ಟದ್ದು ವಿನೋದಗಳ ಸಾಲಿನಲ್ಲಿ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಅದಕ್ಕೂ ಮೊದಲು, ಇಲ್ಲೇ ಹತ್ತಿರದ ಮುಧೋಳದಲ್ಲಿ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನ ಭೀಮನ ಗದೆಯನ್ನೇ ಕಾವ್ಯದ ನಡುಗಂಬವಾಗಿಸಿ ‘ಗದಾಯುದ್ಧ’ ಬರೆದ. ಆ ಕಥೆಯ ಮೂಲವಾದ ಮಹಾಭಾರತದಲ್ಲಿ ದುರ್ಯೋಧನ ಭೀಮನ ಕಬ್ಬಿಣದ ಪ್ರತಿಮೆ ಮಾಡಿಸಿಕೊಂಡು 13 ವರ್ಷ ಅದರ ಮೇಲೆ ಗದೆಯ ಅಭ್ಯಾಸ ಮಾಡಿದನೆಂಬ ಮಾತು ಬರುತ್ತದೆ. ಛಲ ಮನುಷ್ಯನನ್ನು ಎಷ್ಟು ವರ್ಷ ನಿಲ್ಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಹಗೆಯಿಂದ ಎತ್ತಿದ ಗದೆಗೆ ಹಗೆ ತೀರಿದ ದಿನವೇ ಕೆಲಸವಿಲ್ಲ. ಒಂದು ಜನ್ಮಕ್ಕೆ ಸಾಲುವ ಅಭ್ಯಾಸಕ್ಕೆ ಬೇರೆ ಇಂಧನ ಬೇಕು.

ತಾಲೀಮಿನಲ್ಲಿ ಆ ಇಂಧನ ಇತ್ತು, ಉಳಿದಿರುವ ಕಡೆ ಈಗಲೂ ಇದೆ. ಹನುಮಪ್ಪನಿಗೆ ಕೈಮುಗಿದು, ಲಂಗೋಟಿ ಬಿಗಿದು ಮಣ್ಣಿಗಿಳಿದರೆ ವಸ್ತಾದಿಯ ಕಣ್ಣು ತಪ್ಪಿಸುವಂತಿಲ್ಲ. ದಂಡ, ಬಸ್ಕಿ, ಗದೆ ತಿರುಗಿಸುವುದು, ಮಣ್ಣು ಅಗೆದು ಹದಗೊಳಿಸುವುದು ಎಲ್ಲವೂ ಕಸರತ್ತೇ. ಒಬ್ಬ ಬಾರದಿದ್ದರೆ ಜೊತೆಗಾರನಿಗೆ ಹಿಡಿಯಲು ಜೋಡಿಯೇ ಇಲ್ಲ. ಹಾಗಾಗಿ ಹೋಗಲೋ ಬೇಡವೋ ಎಂಬ ಚರ್ಚೆಗೆ ಅಲ್ಲಿ ಎಡೆಯಿಲ್ಲ. ಕುಸ್ತಿ ಕಣದಲ್ಲಿ ಚಿಕ್ಕ ಹುಡುಗರ ಜೋಡಿಗೆ ತೆಂಗಿನಕಾಯಿ ಬಹುಮಾನ, ದೊಡ್ಡವರಿಗೆ ಬೆಳ್ಳಿ ಕಡಗ, ಇನ್ನೂ ದೊಡ್ಡವರಿಗೆ ಗದೆ. ಹತ್ತು ವರ್ಷದ ಹುಡುಗ ತೆಂಗಿನಕಾಯಿ ಗೆದ್ದು ಮನೆಗೆ ತಂದ ದಿನ ಅವನ ಮುಂದಿನ ಹತ್ತು ವರ್ಷದ ದಾರಿ ತೆರೆದುಕೊಳ್ಳುತ್ತದೆ. ಬಾಗಲಕೋಟೆ ಜಿಲ್ಲೆಯ ಹಲಕುರ್ಕಿಯಿಂದ ಹೊರಟ ಅರ್ಜುನ ಹಲಕುರ್ಕಿ 2020ರಲ್ಲಿ ದೆಹಲಿಯ ಏಷ್ಯನ್ ಕುಸ್ತಿ ಚಾಂಪಿಯನ್‌ಷಿಪ್‌ನಲ್ಲಿ ಗ್ರೀಕೋ ರೋಮನ್ ಶೈಲಿಯ 55 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದರು. ಅಂಥವರು ಬರಿಗಾಳಿಯಲ್ಲಿ ಹುಟ್ಟುವುದಿಲ್ಲ.

ಲೋಕಾಪುರದಿಂದ ಬಾಗಲಕೋಟೆಯ ಹಾದಿ ಹಿಡಿದು ಕಲಾದಗಿ ದಾಟಿದರೆ ತುಳಸಿಗೇರಿ. ಆಂಜನೇಯನ ಗುಡಿಗೆ ಹೆಸರಾದ ಊರು, ಮಲ್ಲಕಂಬಕ್ಕೂ ಅಷ್ಟೇ ಹೆಸರು. ಎಣ್ಣೆ ಸವರಿದ ಕಂಬಕ್ಕೆ ತೊಡೆಯಲ್ಲಿ ಹಿಡಿತ ಕೊಟ್ಟು ತಲೆಕೆಳಗಾಗಿ ನಿಲ್ಲುವ ಮಕ್ಕಳು ತಮ್ಮ ಮೈಯ ತೂಕವನ್ನೇ ಎತ್ತುತ್ತಿರುತ್ತಾರೆ. ಅವರನ್ನು ಕೇಳಿದರೆ ಅದಕ್ಕೆ ವ್ಯಾಯಾಮ ಎನ್ನುವುದಿಲ್ಲ, ಆಟ ಎನ್ನುತ್ತಾರೆ. ಮುಂದೆ ಜಿಮ್ಮಿನ ಹೊಸ್ತಿಲು ತುಳಿಯುವ ವಯಸ್ಸಿಗೆ ಬಂದಾಗ ಆ ಮಕ್ಕಳಿಗೆ ಪ್ರೇರಣೆಯ ಪಾಠ ಬೇಕಾಗುವುದಿಲ್ಲ.

ಎಲ್ಲರಿಗೂ ಆ ಬಾಲ್ಯ ಸಿಕ್ಕಿರುವುದಿಲ್ಲ. ನಲವತ್ತು ದಾಟಿ, ಸಕ್ಕರೆ ಕಾಯಿಲೆಯ ಭಯದಿಂದ ಮೊದಲ ಸಲ ಭಾರ ಮುಟ್ಟುವವರಿದ್ದಾರೆ. ಅವರಲ್ಲಿ ಬಹಳ ಜನ ಬಿಡುವುದು ಮೊದಲ ವಾರದಲ್ಲೇ, ಕಾರಣ ಮೈನೋವು. ಅವರಿಗೆ ಎರಡು ವಿಷಯ ಗೊತ್ತಿದ್ದರೆ ಸಾಕು, ಅರ್ಧ ಜನ ಉಳಿದುಕೊಳ್ಳುತ್ತಾರೆ ಎಂದು ನನಗೆ ಅನಿಸುತ್ತದೆ. ಹೊಸ ಕಸರತ್ತಿನ ನೋವು ಒಂದರಿಂದ ಮೂರು ದಿನದ ನಡುವೆ ಹೆಚ್ಚಾಗಿ, ಆಮೇಲೆ ತಾನಾಗಿ ಇಳಿಯುತ್ತದೆ. ಅದೇ ಕಸರತ್ತನ್ನು ಎರಡನೆಯ ಸಲ ಮಾಡಿದಾಗ ಅಷ್ಟು ನೋಯುವುದಿಲ್ಲ, ಮೈ ಅಷ್ಟರಲ್ಲಿ ಪಾಠ ಕಲಿತಿರುತ್ತದೆ. ಇನ್ನೊಂದು ಇನ್ನೂ ಸಂತೋಷದ ಸಂಗತಿ. ಮೊದಲ ಕೆಲವು ವಾರಗಳಲ್ಲಿ ಬಲ ಬೇಗ ಏರುತ್ತದೆ, ಆದರೆ ಅದು ಸ್ನಾಯು ದಪ್ಪವಾದದ್ದರಿಂದಲ್ಲ. ಮಿದುಳು ಮತ್ತು ನರಗಳು ಇದ್ದ ಸ್ನಾಯುವನ್ನೇ ಹೆಚ್ಚು ಚೆನ್ನಾಗಿ ಕೆಲಸಕ್ಕೆ ಹಚ್ಚಲು ಕಲಿಯುವುದರಿಂದ. ಕನ್ನಡಿಯಲ್ಲಿ ಏನೂ ಕಾಣದಿದ್ದರೂ ನೀರಿನ ಕ್ಯಾನು ಹಗುರಾದಂತೆ, ಮೆಟ್ಟಿಲು ಸುಲಭವಾದಂತೆ ಅನಿಸತೊಡಗುತ್ತದೆ. ಕನ್ನಡಿಯನ್ನು ನಂಬಿದವನು ಈ ಹೊತ್ತಿನಲ್ಲಿ ನಿರಾಸೆಯಿಂದ ಬಿಡುತ್ತಾನೆ, ಚೀಲವನ್ನು ನಂಬಿದವನು ಉಳಿಯುತ್ತಾನೆ. ಒಂದು ವಹಿಯಲ್ಲಿ ಇಂದು ಎತ್ತಿದ್ದು ಎಷ್ಟು, ಎಷ್ಟು ಸಲ ಎಂದು ಬರೆದಿಟ್ಟರೆ ತಿಂಗಳ ಕೊನೆಗೆ ಅದು ತಾನೇ ಮಾತಾಡುತ್ತದೆ.

ಕನ್ನಡಿಯ ಮೋಹಕ್ಕೆ ಇನ್ನೊಂದು ಅಪಾಯವೂ ಉಂಟು. ಮೂರು ತಿಂಗಳಲ್ಲಿ ಮೈ ಉಬ್ಬಿಸುವ ಚುಚ್ಚುಮದ್ದು, ಮಾತ್ರೆಗಳ ಕಡೆಗೆ ಅದು ಕೈಹಿಡಿದು ನಡೆಸುತ್ತದೆ. ಸ್ಟೆರಾಯ್ಡ್ ಹೃದಯಕ್ಕೆ, ಯಕೃತ್ತಿಗೆ ಮಾಡುವ ಹಾನಿಯ ಬಗ್ಗೆ ಮನೆಯವರು ಮಕ್ಕಳೊಡನೆ ಬಿಚ್ಚಿ ಮಾತಾಡಬೇಕು. ಜೋಳದ ರೊಟ್ಟಿ, ಹಾಲು, ಮೊಸರು, ಕಾಳುಪಲ್ಲೆ, ಶೇಂಗಾ, ತಿನ್ನುವವರಿಗೆ ಮೊಟ್ಟೆ, ಇವು ಇದ್ದ ಮನೆಯಲ್ಲಿ ಹೊಸಬನಿಗೆ ಡಬ್ಬಿಯ ಪುಡಿಯ ಅವಸರವಿಲ್ಲ.

ಹಾಗೆಂದು ಚೆಲುವಾದ ಮೈಯನ್ನು ಬಯಸುವುದೇ ತಪ್ಪೆಂದು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ ಅಂಗಸೌಷ್ಠವವನ್ನು ಕಲೆಯೆಂದೇ ಆರಾಧಿಸಿದವರು. ಕನ್ನಡಕ್ಕೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಕೊಟ್ಟದ್ದೂ ಅದೇ ಕೈ. ನಾಟಕಕಾರ ಕೈಲಾಸಂ ಅಯ್ಯರ್ ಅವರ ವ್ಯಾಯಾಮಶಾಲೆಯಲ್ಲಿ ಕೂತು ನಾಟಕ ಹೇಳಿ ಬರೆಸುತ್ತಿದ್ದರು. ಭಾರ ಎತ್ತುವ ಜಾಗ ಹರಟೆಯ, ಸ್ನೇಹದ, ಕಲೆಯ ಜಾಗವೂ ಆಗಿತ್ತು ಎಂಬುದನ್ನು ಇಂದಿನ ಜಿಮ್ ಮಾಲೀಕರು ಗಮನಿಸಬೇಕು. ಜನ ಯಂತ್ರಕ್ಕಾಗಿ ಒಂದು ತಿಂಗಳು ಬರುತ್ತಾರೆ, ಗೆಳೆಯರಿಗಾಗಿ ವರ್ಷಗಟ್ಟಲೆ ಬರುತ್ತಾರೆ.

ಒಗ್ಗದ ಕಸರತ್ತನ್ನು ಬಿಟ್ಟು ಒಗ್ಗುವುದನ್ನು ಹಿಡಿಯುವುದೂ ಸೋಲಲ್ಲ. ಕುಂದಾಪುರ ಕಡೆಯ ಗುರುರಾಜ ಪೂಜಾರಿ ಕುಸ್ತಿಪಟುವಾಗಬೇಕೆಂದು ಹೊರಟವರು. ಉಜಿರೆಯ ಕಾಲೇಜಿನಲ್ಲಿ ವೇಟ್‌ಲಿಫ್ಟಿಂಗ್ ಕಡೆ ಹೊರಳಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಕೆ.ಜಿ. ಎತ್ತಿ ಕಂಚು ತಂದರು. ಯಂತ್ರ ಒಗ್ಗದವನಿಗೆ ಗುಂಡುಕಲ್ಲು ಒಗ್ಗಬಹುದು. ಕಲ್ಲಿಗೆ ಹೆದರುವವನು ತಟ್ಟಿನ ಚೀಲದಲ್ಲಿ ಹತ್ತು ಕಿಲೊ ಉಸುಕು ತುಂಬಿ ಬಾಯಿ ಹೊಲಿದುಕೊಳ್ಳಲಿ. ಎದೆಗೆ ತಬ್ಬಿ ಕೂತು ಎದ್ದರೆ ಕಾಲಿಗೆ, ಹೆಗಲ ಮೇಲಿಟ್ಟು ನಡೆದರೆ ನಡುವಿಗೆ, ನೆಲದಿಂದ ಎತ್ತಿದರೆ ಬೆನ್ನಿಗೆ ಕಸರತ್ತು. ಸುಲಭವೆನಿಸಿದ ದಿನ ಇನ್ನೆರಡು ಬೊಗಸೆ ಉಸುಕು. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟರಿಂದಲೇ ನೆರವೇರುತ್ತದೆ. ರಕ್ತದೊತ್ತಡ, ಅಂಡವಾಯು, ಬೆನ್ನಿನ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕಾಣಬೇಕು. ಎತ್ತುವಾಗ ಉಸಿರು ಕಟ್ಟಬಾರದು.

ವಯಸ್ಸಾಯಿತು ಎನ್ನುವವರಿಗೆ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ನಡೆದ ಅಧ್ಯಯನವನ್ನು ನೆನಪಿಸಬೇಕು. 1990ರಲ್ಲಿ ಪ್ರಕಟವಾದ ಅದರಲ್ಲಿ ಇದ್ದವರು ಸುಮಾರು ತೊಂಬತ್ತು ವಯಸ್ಸಿನ ಹತ್ತು ಮಂದಿ. ಎಂಟು ವಾರ ಕಾಲಿಗೆ ಭಾರದ ಅಭ್ಯಾಸ ಮಾಡಿಸಿದಾಗ ಅವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತು. ನಮ್ಮ ಮನೆಗಳ ಅಜ್ಜ, ಅಜ್ಜಿಯರನ್ನು ‘ನೀವು ಸುಮ್ನ ಕೂಡ್ರಿ’ ಎಂದು ಪ್ರೀತಿಯಿಂದ ಕೂರಿಸಿಬಿಡುತ್ತೇವಲ್ಲ, ಆ ಪ್ರೀತಿ ಅವರ ಕಾಲುಗಳಿಗೆ ಒಳ್ಳೆಯದನ್ನು ಮಾಡುತ್ತಿಲ್ಲ.

ಹೆಣ್ಣುಮಕ್ಕಳ ಮಾತಿಗೆ ಬಂದರೆ ನನಗೆ ಸಮಾಧಾನವಿಲ್ಲ. ತುಂಬಿದ ಕೊಡ, ಮೇವಿನ ಹೊರೆ, ಕಬ್ಬಿನ ಕಟ್ಟು ಹೊತ್ತು ಬಂದ ಹೆಂಗಸರು ಭಾರ ಎತ್ತುವ ಕಣದ ಸುತ್ತ ಹೆಚ್ಚಾಗಿ ನೋಡುವವರಾಗಿಯೇ ನಿಂತಿರುತ್ತಾರೆ. ಆಂಧ್ರದ ಹಳ್ಳಿಯಿಂದ ಬಂದ ಕರ್ಣಂ ಮಲ್ಲೇಶ್ವರಿ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 240 ಕೆ.ಜಿ. ಎತ್ತಿ ಕಂಚು ಗೆದ್ದು ಎರಡು ದಶಕ ಕಳೆದಿದೆ. ಕೂಲಿಗಾಗಿ, ಮನೆಗಾಗಿ ಭಾರ ಹೊರುವ ಹಕ್ಕು ಇದ್ದವರಿಗೆ ಖುಷಿಗಾಗಿ ಎತ್ತುವ ಹಕ್ಕೂ ಇರಬೇಕು.

ಐಸ್‌ಲ್ಯಾಂಡಿನ ಒಂದು ಕಡಲತೀರದಲ್ಲಿ ಹಿಂದೆ ದೋಣಿಗೆ ಆಳುಗಳನ್ನು ಆರಿಸಲು ಬಳಸುತ್ತಿದ್ದ ನಾಲ್ಕು ಕಲ್ಲುಗಳು ಈಗಲೂ ಸಾಲಾಗಿ ಬಿದ್ದಿವೆ: 154, 100, 54 ಮತ್ತು 23 ಕಿಲೊ. ಪ್ರವಾಸಕ್ಕೆ ಬಂದ ಯಾರು ಬೇಕಾದರೂ ತಮಗೆ ತಕ್ಕ ಕಲ್ಲಿನಿಂದ ಶುರು ಮಾಡಬಹುದು. ನಮ್ಮ ಜಾತ್ರೆಗಳಲ್ಲಿ ದೊಡ್ಡ ಕಲ್ಲಿಗೆ ಕೊರತೆಯಿಲ್ಲ. ಇಲ್ಲದಿರುವುದು ಸಣ್ಣ ಕಲ್ಲುಗಳು. ಜಾತ್ರಾ ಸಮಿತಿಯವರು ಈ ಸಲ ಹತ್ತು, ಇಪ್ಪತ್ತು, ನಲವತ್ತು ಕಿಲೊದ ಗುಂಡುಗಳನ್ನೂ ಕಡೆಸಿ ತೂಕ ಬರೆಸಿ ಹನುಮಪ್ಪನ ಗುಡಿಯ ಮುಂದೆ ಇಡಲಿ. ಹೆಂಗಸರಿಗೆ ಒಂದು ಹೊತ್ತು, ಹುಡುಗರಿಗೆ ಒಂದು ಹೊತ್ತು, ಅರವತ್ತು ದಾಟಿದವರಿಗೆ ಒಂದು ಹೊತ್ತು ಗೊತ್ತು ಮಾಡಲಿ, ಗೆದ್ದವರಿಗೆ ತೆಂಗಿನಕಾಯಿ ಕೊಡಲಿ. ಜಾತ್ರೆ ಮುಗಿದ ಮೇಲೆ ಆ ಕಲ್ಲುಗಳನ್ನು ಒಳಗೆ ಎತ್ತಿಡದೆ ವರ್ಷವಿಡೀ ಅಲ್ಲೇ ಬಿಡಲಿ. ಕಲ್ಲುಕುಟಿಗರ ಒಂದೆರಡು ದಿನದ ಕೂಲಿ, ಖರ್ಚು ಅಷ್ಟೇ.