ಕಾಲ್ನಡಿಗೆಯೂ ಖಿನ್ನತೆಯೂ

ಖಿನ್ನತೆಯೆಂಬ ವ್ಯಾಧಿ ಮನುಷ್ಯನಿಂದ ಮೊಟ್ಟಮೊದಲು ಕಸಿದುಕೊಳ್ಳುವುದು ಎದ್ದು ನಿಲ್ಲುವ ಇಚ್ಛೆಯನ್ನು. ಮಂಚದ ಕೆಳಗಿನ ಚಪ್ಪಲಿಯನ್ನು ಎಳೆದು ಮೆಟ್ಟಿಕೊಳ್ಳುವಷ್ಟು ಅಲ್ಪವಾದ ಕಾರ್ಯವೂ ಅವನಿಗೆ ಬೆಟ್ಟವಾಗಿ ತೋರುವಾಗ, ‘ನಾಲ್ಕು ಹೆಜ್ಜೆ ತಿರುಗಾಡಿ ಬಾ, ಎಲ್ಲ ಸರಿಹೋಗುತ್ತದೆ’ ಎಂಬ ಬಂಧುಗಳ ಹಿತವಚನವು ಗಾಯದ ಮೇಲಿನ ಉಪ್ಪಾಗುವುದೇ ಹೆಚ್ಚು. ಆದರೂ ಆ ಮಾತಿನಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಜೇಮ್ಸ್ ಬ್ಲೂಮೆಂತಾಲ್ ಮತ್ತು ಅವರ ಸಹೋದ್ಯೋಗಿಗಳು, ತೀವ್ರ ಖಿನ್ನತೆಯಿಂದ ಬಳಲುತ್ತಿದ್ದ, 50 ವರ್ಷಕ್ಕೆ ಕಡಮೆಯಿಲ್ಲದ 156 ಮಂದಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಸರ್ಟ್ರಲೀನ್ ಎಂಬ ಔಷಧವನ್ನೂ, ಇನ್ನೊಂದಕ್ಕೆ ವಾರಕ್ಕೆ ಮೂರು ದಿನದ ವ್ಯಾಯಾಮವನ್ನೂ, ಮತ್ತೊಂದಕ್ಕೆ ಇವೆರಡನ್ನೂ ವಿಧಿಸಿ, 16 ವಾರಗಳ ಕಾಲ ಪರೀಕ್ಷಿಸಿ ಕಂಡುದನ್ನು 1999ರಲ್ಲಿ ಪ್ರಕಟಿಸಿದರು. ವ್ಯಾಯಾಮವೆಂದರೆ ಇಷ್ಟೇ: ಹತ್ತು ನಿಮಿಷ ಮೈ ಸಡಿಲಿಸಿಕೊಂಡು, ಎದೆಬಡಿತವು ಗೊತ್ತುಮಾಡಿದ ಮಟ್ಟಕ್ಕೇರುವಂತೆ ಅರ್ಧ ಗಂಟೆ ಬಿರುಸಾಗಿ ನಡೆದೋ ಓಡಿಯೋ, ಕಡೆಗೆ ಐದು ನಿಮಿಷ ವೇಗವನ್ನು ತಗ್ಗಿಸುವುದು. ಅದು ಗುಂಪಿನಲ್ಲಿ, ಮೇಲ್ವಿಚಾರಕರ ಸಮ್ಮುಖದಲ್ಲಿ ನಡೆಯುತ್ತಿತ್ತೆಂಬುದನ್ನು ಮರೆಯಬಾರದು. ಹೇಳಿದ ಹೊತ್ತಿಗೆ ಹಾದಿ ಕಾಯುವವರಿದ್ದರೆ ಚಪ್ಪಲಿಯ ಭಾರ ಎಷ್ಟೋ ಇಳಿಯುತ್ತದೆ. ಮೊದಲ ವಾರಗಳಲ್ಲಿ ಔಷಧವೇ ಬೇಗ ಕೈಹಿಡಿಯಿತು; 16ನೆಯ ವಾರದ ವೇಳೆಗೆ ಮೂರು ಗುಂಪುಗಳೂ ಹೆಚ್ಚುಕಡಮೆ ಸಮವಾಗಿ ಚೇತರಿಸಿಕೊಂಡಿದ್ದವು.

ವಿಸ್ಮಯದ ಸಂಗತಿ ಅನಂತರದ್ದು. ಚಿಕಿತ್ಸೆ ಮುಗಿದು ಆರು ತಿಂಗಳಾದ ಮೇಲೆ ವಿಚಾರಿಸಲಾಗಿ, ಗುಣಹೊಂದಿದವರ ಪೈಕಿ ವ್ಯಾಧಿಯು ಮರುಕಳಿಸಿದ್ದು ಬರಿಯ ವ್ಯಾಯಾಮ ಮಾಡಿದವರಲ್ಲಿ ಅತ್ಯಲ್ಪ. ಎರಡನ್ನೂ ಕೈಗೊಂಡವರಿಗೆ ಅಧಿಕ ಲಾಭವಾಗಬೇಕಿತ್ತೆಂಬ ಊಹೆ ಹುಸಿಯಾಯಿತು. ‘ನಾನೇ ನಡೆದು ಗುಣವಾದೆ’ ಎಂಬ ಸ್ವಸಾಮರ್ಥ್ಯದ ಭಾವವನ್ನು ಗುಳಿಗೆಯು ತನ್ನ ಪಾಲಿಗೆ ಸೆಳೆದುಕೊಂಡಿತೇನೋ ಎಂದು ಸಂಶೋಧಕರು ಶಂಕಿಸಿದರು. ಶಂಕೆ ನನಗೂ ಹಿಡಿಸುತ್ತದೆ. ಆದರೆ ವೈದ್ಯರನ್ನು ಕೇಳದೆ ಗುಳಿಗೆ ಬಿಡಬಹುದೆಂದು ಯಾರೂ ಇದರಿಂದ ಭಾವಿಸಬಾರದು. ಚೇತರಿಕೆಯೆಲ್ಲ ವ್ಯಾಯಾಮದ್ದೇ ಎನ್ನುವಂತೆಯೂ ಇಲ್ಲ: ಅದೇ ತಂಡದವರು 202 ಮಂದಿಯ ಮೇಲೆ ಹುಸಿಮಾತ್ರೆಯನ್ನೂ ಸೇರಿಸಿ ನಡೆಸಿ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅದನ್ನು ನುಂಗಿದವರಲ್ಲಿಯೂ ನೂರಕ್ಕೆ 31 ಮಂದಿ ಗುಣಹೊಂದಿದ್ದರು. ಮೇಲ್ವಿಚಾರಣೆಯ ವ್ಯಾಯಾಮದಲ್ಲಿ ಆ ಸಂಖ್ಯೆ 45.

ಓಟದ ಉಲ್ಲಾಸಕ್ಕೆಲ್ಲ ದೇಹದಲ್ಲೇ ಸ್ರವಿಸುವ ಎಂಡಾರ್ಫಿನ್ ಎಂಬ ರಾಸಾಯನಿಕವೇ ಕಾರಣವೆಂಬ ಜನಪ್ರಿಯ ವಿವರಣೆಯೂ ಅಷ್ಟು ಸರಳವಲ್ಲ. 2021ರ ಜರ್ಮನ್ ಪ್ರಯೋಗವೊಂದರಲ್ಲಿ ಅದರ ಪ್ರಭಾವವನ್ನು ಔಷಧದಿಂದ ತಡೆದಾಗಲೂ ಓಟಗಾರರ ಉಲ್ಲಾಸ ಉಳಿದಿತ್ತು.

ಆತಂಕದ ಕಥೆ ಬೇರೆ. ಹಠಾತ್ತಾಗಿ ಭೀತಿಯ ಆವೇಗಕ್ಕೆ ಸಿಲುಕುವವನು ಮಹಡಿಯ ಮೆಟ್ಟಿಲೇರಿದಾಗ ಎದೆ ಹೊಡೆದುಕೊಂಡರೆ, ಅಂಗೈ ಬೆವರಿದರೆ, ಅದನ್ನೇ ಮೃತ್ಯುವಿನ ಸೂಚನೆಯೆಂದು ಬಗೆದು ಗೋಡೆಗೆ ಒರಗಿ ನಿಂತುಬಿಡುತ್ತಾನೆ. ವಾರಗಟ್ಟಲೆ ಓಡಿದವನಿಗಾದರೋ ಅದೇ ಬಡಿತ, ಅದೇ ಏದುಸಿರು ದಿನವೂ ಬಂದು ಏನೂ ಕೇಡು ಮಾಡದೆ ಹೋಗುವ ಪರಿಚಿತ ಅತಿಥಿಗಳಾಗುತ್ತವೆ. 1998ರಲ್ಲಿ ಪ್ರಕಟವಾದ, ಇಂಥ 46 ರೋಗಿಗಳ ಮೇಲೆ ಜರ್ಮನಿಯಲ್ಲಿ ನಡೆದ ಹತ್ತು ವಾರಗಳ ಪರೀಕ್ಷೆಯಲ್ಲಿ ಓಟವು ಹುಸಿಮಾತ್ರೆಯನ್ನು ಸ್ಪಷ್ಟವಾಗಿ ಮೀರಿಸಿತು. ಕ್ಲೋಮಿಪ್ರಮಿನ್ ಎಂಬ ಔಷಧವು ಓಟಕ್ಕಿಂತ ಬೇಗ, ಅದಕ್ಕಿಂತ ಚೆನ್ನಾಗಿಯೇ ಕೆಲಸ ಮಾಡಿತು.