ಎಲೆ ಉದುರಿದ ಗಿಡದ ಮೊದಲ ಹೂವು

ಪಂಚಾಂಗದ ವಸಂತ ಚೈತ್ರದ್ದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಿತ್ತಲಿಗೆ ಅದು ಮಾಘದಲ್ಲೇ ಬಂದಿರುತ್ತದೆ. ಯಲ್ಲಮ್ಮನಗುಡ್ಡದ ಭರತ ಹುಣ್ಣಿಮೆಗೆ ಚಕ್ಕಡಿ ಹೂಡುವ ಹೊತ್ತಿಗೆ ಮನೆ ಮುಂದಿನ ಮಾವಿನ ಗಿಡ ಹೂ ಹೊತ್ತು ನಿಂತಿರುತ್ತದೆ. ಒಂದೊಂದು ಗೊಂಚಲಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂವಿದ್ದರೂ ಬಹಳಷ್ಟು ಗಂಡುಹೂಗಳೇ, ಕಾಯಿಗಟ್ಟುವುದು ಬೆರಳೆಣಿಕೆಯಷ್ಟು. ನಡುವೆ ಮೋಡ ಕವಿದು ಜಿಗಿಹುಳು, ಬೂದಿರೋಗ ಬಿದ್ದರೆ ಅದಕ್ಕೂ ಕುತ್ತು. ಬಚ್ಚಲು ನೀರು ಕುಡಿದು ಬೆಳೆದ ನುಗ್ಗೆಗೆ ಇಂಥ ಚಿಂತೆ ಕಡಿಮೆ. ಅದರ ಬಿಳಿ ಹೂವು ಜೇನ್ನೊಣಕ್ಕೂ ಆಯಿತು, ಪಲ್ಯಕ್ಕೂ ಆಯಿತು.

ಚಳಿನಾಡುಗಳಲ್ಲಿ ಹಿಮ ಕರಗಿದ ಮೇಲೆ ಗಿಡ ಅರಳುತ್ತದೆ. ಇಲ್ಲಿ ಅರಳುವುದು ನೆಲ ಒಣಗುವಾಗ. ಹಿಂಗಾರಿ ಜೋಳ ಕಿತ್ತು, ಕಡಲೆ ಒಕ್ಕಿ, ಎರೆಹೊಲ ಬಿರುಕು ಬಿಡುವ ದಿನಗಳವು. ಇದ್ದ ನೀರು ಉಳಿಸಿಕೊಳ್ಳಲು ಗಿಡ ಎಲೆ ಕಳಚುತ್ತದೆ. ಆಳಕ್ಕಿಳಿದ ಬೇರಿನ ಬಲದಿಂದ ಬರಿ ಟೊಂಗೆಯಲ್ಲಿ ಹೂ ಬಿಡುತ್ತದೆ. ಎಲೆಯ ಮರೆಯಿಲ್ಲದ್ದರಿಂದ ಹಕ್ಕಿಗೂ ಹುಳಕ್ಕೂ ಹೂವು ದೂರದಿಂದಲೇ ಕಾಣುತ್ತದೆ.

ಇದನ್ನು ನೋಡಬೇಕಾದದ್ದು ಹೊಲದ ಬದುವಿನ ಮುತ್ತಲದಲ್ಲಿ. ಮೊಗ್ಗಿನ ತೊಟ್ಟು ಮಖಮಲ್ಲಿನಂಥ ಕಡುಕಂದು. ಅದನ್ನು ಸೀಳಿಕೊಂಡು ಬರುವ ಕೇಸರಿ ದಳಗಳಲ್ಲಿ ಒಂದು ಗಿಳಿಯ ಕೊಕ್ಕಿನ ಹಾಗೆ ಬಾಗಿ, ಕೇಸರಗಳನ್ನು ಒಳಗೆ ಮುಚ್ಚಿಟ್ಟುಕೊಂಡಿರುತ್ತದೆ. ಮಕರಂದಕ್ಕೆ ಬಾಯಿ ಹಾಕಿದ ಸೂರಕ್ಕಿ, ಮೈನಾ, ಅಳಿಲುಗಳ ಮೂತಿಗೆ ಪರಾಗ ಮೆತ್ತಿಕೊಳ್ಳುತ್ತದೆ. ವಾಸನೆ ಮಾತ್ರ ಇಲ್ಲವೆಂದೇ ಹೇಳಬೇಕು; ಹಕ್ಕಿಯನ್ನು ಕರೆಯಲು ಬಣ್ಣ ಸಾಕು. ಇದೇ ಹೂವನ್ನು ನೀರಲ್ಲಿ ಕುದಿಸಿದರೆ ಹೋಳಿಗೆ ಬಣ್ಣ ಸಿದ್ಧ. ಪೊಟ್ಟಣದ ಬಣ್ಣಕ್ಕಿಂತ ಮೈಗೆ ಹಿತ, ಕಾಸೂ ಬೇಡ.

ನಾಲ್ಕೂ ತಾಲೂಕುಗಳಿಗೆ ವಸಂತ ಒಂದೇ ಬಣ್ಣದಲ್ಲಿ ಕಾಣುವುದಿಲ್ಲ. ಮಲೆನಾಡಿನ ಅಂಚಿಗಿರುವ ಕಿತ್ತೂರಿನ ಕಡೆ ಹಸಿರಿನ ನಡುವೆ ಹೂವು. ಮೂಡಣದ ರಾಮದುರ್ಗದ ಕಲ್ಲುಗುಡ್ಡಗಳಲ್ಲಿ ಬೋಳು ಕೊಂಬೆಯ ಮೇಲೆ ಹೂವು.

ಫಾಲ್ಗುಣ ಮುಗಿಯುವಾಗ ಹುಲಗಲ, ಅಂದರೆ ಹೊಂಗೆ, ಮಿರುಗುವ ಚಿಗುರು ಹೊದ್ದುಕೊಳ್ಳುತ್ತದೆ. ಅದರ ಬೆನ್ನಿಗೇ ಬೇವು. ಅಂಗಳದಲ್ಲಿ ಹೊರಸು ಹಾಕಿ ಮಲಗಿದವರಿಗೆ ಬೇವಿನ ಹೂವು ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. ಅಷ್ಟು ಕಹಿ ಗಿಡಕ್ಕೆ ಜೇನಿನಂಥ ಕಂಪು! ಯುಗಾದಿಯ ಬೇವನ್ನು ಈ ಭಾಗದಲ್ಲಿ ತಿನ್ನುವುದಕ್ಕಿಂತ ಕುಡಿಯುವುದೇ ಹೆಚ್ಚು: ಬೆಲ್ಲ, ಹುಣಸೆ ಹುಳಿಯ ನೀರಿಗೆ ಪುಠಾಣಿ ಹಿಟ್ಟು, ಮಾವಿನಕಾಯಿ, ಮೇಲೆ ಈ ಹೂವು.

ಬೇಸಿಗೆಯ ಬಾಯಲ್ಲಿ ಹೂ ಬಿಡುವುದಕ್ಕೆ ಇನ್ನೊಂದು ಲೆಕ್ಕವೂ ಇದೆ. ಬೇವಿನ ಬೀಜಕ್ಕೆ ಮೊಳೆಯುವ ಶಕ್ತಿ ಕೆಲವೇ ವಾರ. ಯುಗಾದಿಗೆ ಅರಳಿದ್ದು ಕಾರಹುಣ್ಣಿಮೆಯ ಹೊತ್ತಿಗೆ ಹಣ್ಣಾಗಿ ಉದುರುತ್ತದೆ. ಅಷ್ಟರಲ್ಲಿ ಮುಂಗಾರು ಬಿದ್ದು ನೆಲ ಹಸಿಯಾಗಿದ್ದರೆ ಕಟ್ಟೆಯ ಬುಡದಲ್ಲೇ ಸಸಿ ಏಳುತ್ತದೆ.