ಪರಿಪೂರ್ಣತೆಯ ಹಂಬಲ ಮತ್ತು ತಂಡದ ಆಟ

ಯಾವುದೇ ಕ್ರೀಡೆಯಲ್ಲಿ ಉನ್ನತ ಮಟ್ಟವನ್ನು ಮುಟ್ಟಬೇಕಾದರೆ ಕಠಿಣ ಅಭ್ಯಾಸ, ಶಿಸ್ತು ಹಾಗೂ ತನ್ನ ಆಟದ ಬಗ್ಗೆ ಕಟ್ಟುನಿಟ್ಟಾದ ನಿರೀಕ್ಷೆ ಅಗತ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದೇ ನಿರೀಕ್ಷೆಯು ಮಿತಿಮೀರಿ, ಒಂದು ತಪ್ಪೂ ಆಗಕೂಡದೆಂಬ ಭಯವಾಗಿ ಮಾರ್ಪಟ್ಟಾಗ, ಅದು ಆಟಗಾರನ ಸಾಮರ್ಥ್ಯವನ್ನಷ್ಟೇ ಅಲ್ಲದೆ ಇಡೀ ತಂಡದ ಸಾಮರ್ಥ್ಯವನ್ನೂ ಕುಗ್ಗಿಸಬಲ್ಲದು. ಮಕ್ಕಳನ್ನು ಮೈದಾನಕ್ಕೆ ಕಳುಹಿಸುವ ತಂದೆತಾಯಿಯರೂ ಅವರಿಗೆ ಆಟ ಕಲಿಸುವ ತರಬೇತುದಾರರೂ ಈ ವ್ಯತ್ಯಾಸವನ್ನು ಅರಿತಿರುವುದು ಅವಶ್ಯಕ.

ಮೂರು ಮುಖಗಳು

ಕೆನಡಾದ ಮನೋವಿಜ್ಞಾನಿಗಳಾದ ಪಾಲ್ ಹೆವಿಟ್ ಮತ್ತು ಗೋರ್ಡನ್ ಫ್ಲೆಟ್ ಅವರು 1991ರಲ್ಲಿ ಈ ಪ್ರವೃತ್ತಿಯ ಮೂರು ಮುಖಗಳನ್ನು ಗುರುತಿಸಿದರು. ತನ್ನಿಂದ ದೋಷರಹಿತ ಸಾಧನೆಯನ್ನು ತಾನೇ ಬಯಸುವುದು ಮೊದಲನೆಯದು. ಜೊತೆಯವರಿಂದ ಅಂಥದೇ ಸಾಧನೆಯನ್ನು ನಿರೀಕ್ಷಿಸುವುದು ಎರಡನೆಯದು. ಇತರರು ತನ್ನಿಂದ ಪರಿಪೂರ್ಣತೆಯನ್ನೇ ಬಯಸುತ್ತಾರೆ, ತಪ್ಪಿದರೆ ತನಗೆ ಬೆಲೆಯಿಲ್ಲ ಎಂಬ ಭಾವನೆ ಮೂರನೆಯದು.

ಮುಂದಿನ ಅಧ್ಯಯನಗಳು ಇನ್ನೊಂದು ಭೇದವನ್ನೂ ಸ್ಪಷ್ಟಪಡಿಸಿವೆ. ಉನ್ನತ ಗುರಿಗಾಗಿ ಶ್ರಮಿಸುವುದು ಬೇರೆ. ತಪ್ಪಿನ ಬಗ್ಗೆ ಸದಾ ಆತಂಕಪಡುವುದು ಬೇರೆ. ಮೊದಲನೆಯದು ಅಭ್ಯಾಸಕ್ಕೆ ಪ್ರೇರಣೆ ನೀಡುತ್ತದೆ. ಎರಡನೆಯದು ಉದ್ವೇಗ, ಬಳಲಿಕೆ ಹಾಗೂ ಆಟದಲ್ಲಿನ ನಿರಾಸಕ್ತಿಗೆ ದಾರಿ ಮಾಡಿಕೊಡುತ್ತದೆ.

ಭಯವು ಆಟವನ್ನು ಕೆಡಿಸುವ ಬಗೆ

ಚಿರಪರಿಚಿತ ಕಬಡ್ಡಿಯನ್ನೇ ತೆಗೆದುಕೊಳ್ಳೋಣ. ದಾಳಿಗೆ ದೊರೆಯುವ ಕಾಲ ಕೇವಲ 30 ಸೆಕೆಂಡು. ಹಿಂದಿನ ದಾಳಿಯಲ್ಲಿ ಸಿಕ್ಕಿಬಿದ್ದುದನ್ನೇ ಚಿಂತಿಸುವವನು ಎದುರಿಗೆ ತೆರೆದಿರುವ ಜಾಗವನ್ನು ಕಾಣಲಾರ. ರಕ್ಷಣೆಯಲ್ಲಿ ಇಬ್ಬರು ಆಟಗಾರರು ಕೈಕೈ ಹಿಡಿದು ನಿಂತಿರುತ್ತಾರೆ. ಅವರಲ್ಲೊಬ್ಬನು ಹಿಡಿತ ತಪ್ಪೀತೆಂದು ಅರೆಕ್ಷಣ ಹಿಂಜರಿದರೂ ಇನ್ನೊಬ್ಬನು ಒಂಟಿಯಾಗುತ್ತಾನೆ. ದಾಳಿಗಾರನು ಅವನನ್ನು ಮುಟ್ಟಿ ಮಧ್ಯರೇಖೆಗೆ ಮರಳುತ್ತಾನೆ. ಒಬ್ಬನ ಭಯಕ್ಕೆ ತಂಡವೆಲ್ಲವೂ ಬೆಲೆ ತೆರಬೇಕಾಗುತ್ತದೆ.

ಇದಕ್ಕೆ ಕಾರಣವಿದೆ. ಚೆನ್ನಾಗಿ ರೂಢಿಯಾದ ಕೌಶಲವು ಹೆಚ್ಚಿನ ಯೋಚನೆಯಿಲ್ಲದೆ ತಾನಾಗಿಯೇ ನಡೆಯುತ್ತದೆ. ತಪ್ಪಿನ ಅಂಜಿಕೆಯಿಂದ ಆಟಗಾರನು ತನ್ನ ಕೈಕಾಲುಗಳ ಚಲನೆಯನ್ನೇ ಗಮನಿಸತೊಡಗಿದರೆ ಆ ಸಹಜತೆ ಮುರಿಯುತ್ತದೆ. ಇನ್ನು ಜೊತೆಗಾರರ ಪ್ರತಿಯೊಂದು ತಪ್ಪಿಗೂ ಸಿಡುಕುವವನಿದ್ದರೆ, ಉಳಿದವರು ಜವಾಬ್ದಾರಿಯಿಂದ ನುಣುಚಿಕೊಳ್ಳಲು ನೋಡುತ್ತಾರೆ. ಹಾಕಿಯಲ್ಲಾದರೆ ಚೆಂಡನ್ನು ತಮ್ಮತ್ತ ಕೇಳುವುದನ್ನೇ ಬಿಡುತ್ತಾರೆ.

ಟೋಕಿಯೋದ ನಿದರ್ಶನ

ತಪ್ಪಿನ ನಂತರ ಚೇತರಿಸಿಕೊಳ್ಳುವುದೆಂದರೇನು ಎಂಬುದಕ್ಕೆ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಪುರುಷರ ಹಾಕಿ ತಂಡವು ಉತ್ತಮ ನಿದರ್ಶನ. ಗುಂಪಿನ ಪಂದ್ಯದಲ್ಲಿ ಅದು ಆಸ್ಟ್ರೇಲಿಯಾಕ್ಕೆ 1-7ರಿಂದ ಸೋತಿತು. ಪರಿಪೂರ್ಣತೆಯನ್ನೇ ಅಳತೆಗೋಲಾಗಿಸಿಕೊಂಡವರಿಗೆ ಅಲ್ಲಿಗೆ ಎಲ್ಲವೂ ಮುಗಿದಂತೆಯೇ ಸರಿ. ಆದರೆ ತಂಡವು ಮುಂದಿನ ನಾಲ್ಕು ಪಂದ್ಯಗಳನ್ನೂ ಗೆದ್ದಿತು. ಸೆಮಿಫೈನಲ್‌ನಲ್ಲಿ ಬೆಲ್ಜಿಯಂಗೆ ಸೋತ ಬಳಿಕ, ಆಗಸ್ಟ್ 5ರಂದು ಕಂಚಿನ ಪದಕಕ್ಕಾಗಿ ಜರ್ಮನಿಯನ್ನು ಎದುರಿಸಿತು. ಸತತ ಎರಡು ನಿಮಿಷಗಳಲ್ಲಿ ಎರಡು ಗೋಲುಗಳನ್ನು ಬಿಟ್ಟುಕೊಟ್ಟು 1-3ರಿಂದ ಹಿಂದೆ ಬಿದ್ದರೂ ಮಧ್ಯಂತರದ ವೇಳೆಗೆ 3-3 ಸಮ ಮಾಡಿಕೊಂಡು, ಕೊನೆಗೆ 5-4ರಿಂದ ಜಯಗಳಿಸಿತು. ಒಲಿಂಪಿಕ್ಸ್ ಹಾಕಿಯಲ್ಲಿ 1980ರ ನಂತರ ಭಾರತಕ್ಕೆ ದೊರೆತ ಮೊದಲ ಪದಕವದು. ದೋಷವಿಲ್ಲದ ಆಟದಿಂದ ಬಂದ ಪದಕವಲ್ಲ. ದೋಷವನ್ನು ಹಿಂದಕ್ಕೆ ಬಿಟ್ಟು ಆಡಿದುದರಿಂದ ಬಂದ ಪದಕ.

ನಾವು ಮಾಡಬಹುದಾದುದು

ಗುರಿಯನ್ನು ಕೆಳಗಿಳಿಸಬೇಕೆಂದು ಇದರ ಅರ್ಥವಲ್ಲ. ಅಭ್ಯಾಸದ ವೇಳೆ ತಪ್ಪುಗಳನ್ನು ತಿದ್ದುವುದಕ್ಕೆ ಸಮಯವಿರಲಿ. ಪಂದ್ಯದ ನಡುವೆ ಮುಂದಿನ ಹೆಜ್ಜೆಯತ್ತ ಮಾತ್ರ ಗಮನವಿರಲಿ. ತರಬೇತುದಾರರು ತಿದ್ದುವಾಗ ಆಟವನ್ನು ತಿದ್ದಬೇಕೇ ಹೊರತು ಆಟಗಾರನನ್ನು ಹೀಗಳೆಯಬಾರದು. ಮನೆಗೆ ಮರಳಿದ ಮಗುವನ್ನು "ಎಷ್ಟು ಅಂಕ ಗಳಿಸಿದೆ?" ಎಂದು ಕೇಳುವ ಮೊದಲು "ಇಂದು ಏನು ಕಲಿತೆ?" ಎಂದು ಕೇಳುವುದು ಲೇಸು.

ಪಂದ್ಯದ ಹಿಂದಿನ ರಾತ್ರಿ ನಿದ್ರೆ ಬಾರದಿರುವುದು, ಗೆದ್ದರೂ ಸಂತೋಷವಿಲ್ಲದಿರುವುದು, ಪ್ರೀತಿಯಿಂದ ಆಡುತ್ತಿದ್ದ ಆಟವನ್ನು ಹಠಾತ್ತಾಗಿ ಬಿಡುವೆನೆನ್ನುವುದು ಇವು ಕಡೆಗಣಿಸಬಾರದ ಲಕ್ಷಣಗಳು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಸಲಹೆ ಪಡೆಯಬಹುದು. ಕನ್ನಡದಲ್ಲಿಯೂ ಈ ನೆರವು ಲಭ್ಯವಿರುವುದರಿಂದ, ಹೊರರಾಜ್ಯಗಳಲ್ಲಿ ನೆಲೆಸಿರುವ ಕುಟುಂಬಗಳು ತಮ್ಮ ಕಷ್ಟವನ್ನು ತಮ್ಮ ಮಾತಿನಲ್ಲೇ ಹೇಳಿಕೊಳ್ಳಬಹುದು.

ತಪ್ಪು ಮಾಡಿದ ಜೊತೆಗಾರನ ಬೆನ್ನು ತಟ್ಟಿ ಮರುಕ್ಷಣವೇ ತನ್ನ ಸ್ಥಾನಕ್ಕೆ ಮರಳುವ ಆಟಗಾರನೇ ತಂಡದ ನಿಜವಾದ ಆಸ್ತಿ. ನಮ್ಮ ಮಕ್ಕಳು ಮೊದಲು ಕಲಿಯಬೇಕಾದ ಪಾಠವೂ ಅದೇ.